ಯೋಧರಿಗೆ ಬುತ್ತಿ ಕಟ್ಟುವ ಮುನ್ನ

ಹಬ್ಬಕ್ಕೆ ಊರಿಗೆ ಬರಲಾಗದ ಸೈನಿಕರಿಗೆ ತಿಂಡಿ, ಪತ್ರ ಕಳಿಸಬೇಕೆನ್ನುವ ಮಹಿಳಾ ಮಂಡಳಿ, ಯುವಕ ಸಂಘ, ಶಾಲೆಗಳವರ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆಯ್ದುಕೊಂಡಿದ್ದೇವೆ.

ನಮ್ಮ ತಾಲ್ಲೂಕಿನ ಹದಿನೆಂಟು ಹುಡುಗರು ಸೇನೆಯಲ್ಲಿದ್ದಾರೆ. ದೀಪಾವಳಿಗೆ ಒಬ್ಬೊಬ್ಬರಿಗೂ ಒಂದು ಡಬ್ಬಿ ಕಳಿಸೋಣವೆಂದರೆ ಮನೆಯವರು ಕೊಟ್ಟ ವಿಳಾಸದಲ್ಲಿ ಊರಿನ ಹೆಸರೇ ಇಲ್ಲ, ‘56 ಎಪಿಒ’ ಎಂದಷ್ಟೇ ಇದೆ. ಕೊರಿಯರ್‌ನವರು ಮುಟ್ಟುತ್ತಲೂ ಇಲ್ಲ. ಏನು ಮಾಡುವುದು?
– ಮಹಿಳಾ ಮಂಡಳಿ ಕಾರ್ಯದರ್ಶಿ, ರಾಣೆಬೆನ್ನೂರು

ವಿಳಾಸ ಸರಿಯಾಗಿಯೇ ಇದೆ. 56 ಎಪಿಒ ಎಂಬುದು ಯಾವ ಊರೂ ಅಲ್ಲ, ಸೇನಾ ಅಂಚೆಯ ಸಾಮಾನ್ಯ ಹೆಸರು. ಉತ್ತರ, ಪಶ್ಚಿಮ ಭಾಗದ ಟಪಾಲು ಈ ಹೆಸರಿನಲ್ಲಿ ದೆಹಲಿಯ ಕೇಂದ್ರಕ್ಕೆ ಹೋಗುತ್ತದೆ. ಪೂರ್ವ ಭಾಗದ್ದು 99 ಎಪಿಒ ಹೆಸರಿನಲ್ಲಿ ಕೋಲ್ಕತ್ತಕ್ಕೆ. ಅಲ್ಲಿಂದ ಮುಂದಕ್ಕೆ ಒಯ್ಯುವುದು ಸೇನೆಯ ಅಂಚೆ ದಳ. ಖಾಸಗಿ ಕೊರಿಯರ್‌ಗೆ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಊರಿನ ಅಂಚೆ ಕಚೇರಿಯೊಂದೇ ದಾರಿ.

ವಿಳಾಸವನ್ನು ಇದೇ ಕ್ರಮದಲ್ಲಿ ಬರೆಯಿರಿ: ಸೈನಿಕ ಸಂಖ್ಯೆ, ಹುದ್ದೆ, ಹೆಸರು, ಕಂಪನಿ, ಘಟಕ, ಪಿನ್, ಕೊನೆಗೆ ಕೇರ್ ಆಫ್ 56 ಎಪಿಒ. ಸೈನಿಕ ಸಂಖ್ಯೆಯ ತುದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ. ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ, ಬಿಡಬೇಡಿ. ಒಂದೇ ಘಟಕದಲ್ಲಿ ಒಂದೇ ಹೆಸರಿನ ಮೂವರು ಇದ್ದಾಗ ಯಾರದೆಂದು ಹೇಳುವುದು ಈ ಸಂಖ್ಯೆಯೇ. ಸೇನಾ ಅಂಚೆಯ ಪಿನ್ ಯಾವಾಗಲೂ 9ರಿಂದ ಶುರುವಾಗುತ್ತದೆ; 5ರಿಂದ ಶುರುವಾದ ಪಿನ್ ಕಂಡರೆ ಮನೆಯವರು ತಮ್ಮೂರಿನದನ್ನೇ ಬರೆದುಕೊಟ್ಟಿದ್ದಾರೆ ಅಂತಲೇ ಅರ್ಥ. ಮಗ ಫೋನಿನಲ್ಲಿ ಹೇಳಿದ ‘ಲೇಹ್’, ‘ತವಾಂಗ್’ ಮುಂತಾದ ಊರಿನ ಹೆಸರನ್ನು ಸೇರಿಸಲೇಬೇಡಿ. ಪಾರ್ಸೆಲ್ ನಾಗರಿಕ ಅಂಚೆಗೆ ತಪ್ಪಿ ಹೋಗಿ ಅಲೆಯುತ್ತದೆ. ಘಟಕ ಎಲ್ಲಿದೆ ಎಂಬುದೂ ಬಯಲಾಗುತ್ತದೆ.

ವಿಂಗಡಿಸುವವರು ಹೊರರಾಜ್ಯದವರು, ಆದ್ದರಿಂದ ವಿಳಾಸ ಇಂಗ್ಲಿಷ್ ದೊಡ್ಡಕ್ಷರದಲ್ಲಿರಲಿ. ಅದನ್ನೇ ಇನ್ನೊಂದು ಚೀಟಿಯಲ್ಲಿ ಬರೆದು ಡಬ್ಬಿಯ ಒಳಗೂ ಹಾಕಿ. ಮಳೆಗೆ ಮೇಲಿನ ಚೀಟಿ ಕಿತ್ತುಹೋದರೆ ಒಳಗಿನದು ಕೈಹಿಡಿಯುತ್ತದೆ. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಹುಡುಗರ ವಿಳಾಸ ಬೇರೆ ತರಹ ಇರಬಹುದು. ಅವರು ಕೊಟ್ಟದ್ದನ್ನು ಒಂದಕ್ಷರ ತಿದ್ದದೆ ಬರೆಯಿರಿ.

ಯಾವ ತಿಂಡಿ ಕೆಡದೆ ತಲುಪುತ್ತದೆ? ಹೋದ ವರ್ಷ ಕಳಿಸಿದ ಉಂಡೆಗೆ ಬೂಷ್ಟು ಬಂದಿತ್ತಂತೆ.
– ಸ್ವಸಹಾಯ ಸಂಘದವರು, ಗದಗ

ದಾರಿಯಲ್ಲಿ ಮೂರರಿಂದ ನಾಲ್ಕು ವಾರ ಆಗುತ್ತದೆ ಎಂದುಕೊಂಡೇ ತಿಂಡಿ ಆರಿಸಿ. ಹಾಲು, ಹಸಿ ಕಾಯಿ, ನೀರಿನ ಅಂಶ – ಈ ಮೂರರಲ್ಲಿ ಒಂದಿದ್ದರೂ ಅದು ಬೇಡ. ಕಾಯಿ ಹೋಳಿಗೆ, ಬೇಳೆ ಹೋಳಿಗೆ ಎರಡು ಮೂರು ದಿನದ ಮಾತು. ಬೆಳಗಾವಿ ಕುಂದಾ ಆಗದು. ಧಾರವಾಡ ಪೇಡೆ ಉಳಿದ ಪೇಡೆಗಳಿಗಿಂತ ಒಣಗಿದ್ದು ನಿಜ, ಆದರೂ ಹಾಲಿನದೇ, ನಾವಂತೂ ಸೇರಿಸುವುದಿಲ್ಲ. ರವೆ ಉಂಡೆಗೆ ಹಾಲು ಚಿಮುಕಿಸಿ ಕಟ್ಟುವ ರೂಢಿಯಿದ್ದರೆ ನಿಮ್ಮ ಬೂಷ್ಟಿನ ಮೂಲ ಅದೇ ಇರಬೇಕು. ಕಟ್ಟಲೇಬೇಕೆಂದರೆ ಬರೀ ತುಪ್ಪದಲ್ಲಿ ಕಟ್ಟಿ.

ನಿಮ್ಮ ಕಡೆಯವೇ ಎಷ್ಟೋ ತಿಂಡಿಗಳು ಈ ಪ್ರಯಾಣಕ್ಕೆ ಹೇಳಿ ಮಾಡಿಸಿದಂತಿವೆ. ಕರದಂಟು, ಅಂಟಿನ ಉಂಡೆ ತಿಂಗಳು ಮೀರಿ ಇರುತ್ತವೆ. ಶೇಂಗಾ ಹೋಳಿಗೆಯನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಣಗುವ ಹಾಗೆ ಬೇಯಿಸಿದರೆ ಮೂರು ವಾರಕ್ಕೆ ಮೋಸವಿಲ್ಲ. ಖಟಕ್ ರೊಟ್ಟಿಯಷ್ಟು ಬಾಳುವ ತಿನಿಸು ಇನ್ನೊಂದಿಲ್ಲ. ಪುಡಿಯಾದರೂ ಶೇಂಗಾ ಹಿಂಡಿ, ಒಂದಿಷ್ಟು ಎಣ್ಣೆ ಕಲಸಿ ತಿನ್ನುತ್ತಾರೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಸರಿ, ಆದರೆ ಹೊಸ ಎಣ್ಣೆಯಲ್ಲಿ ಕರಿಯಿರಿ. ಬಜ್ಜಿ ಕರಿದು ಉಳಿದ ಎಣ್ಣೆಯಲ್ಲಿ ಮಾಡಿದ್ದು ದೆಹಲಿ ದಾಟುವ ಮೊದಲೇ ಕಮಟು ಹಿಡಿಯುತ್ತದೆ.

ಚಟ್ನಿಪುಡಿ ಎಲ್ಲರಿಗೂ ಇಷ್ಟ. ಯಾಕೆಂದರೆ ಲಂಗರಿನ ಊಟದಲ್ಲಿ, ಅಂದರೆ ಸೈನಿಕರ ಅಡುಗೆಮನೆಯಲ್ಲಿ, ಹೊಟ್ಟೆ ತುಂಬ ಸಿಗುತ್ತದೆ. ಊರಿನ ಖಾರ ಸಿಗುವುದಿಲ್ಲ. ಪುಟಾಣಿ ಅಥವಾ ಕಡಲೆಬೇಳೆ–ಉದ್ದಿನಬೇಳೆಯ ಪುಡಿ ಹೆಚ್ಚು ದಿನ ಬರುತ್ತದೆ. ಅಗಸೆ, ಗುರೆಳ್ಳು, ಕೊಬ್ಬರಿ ಹಾಕಿದವು ಎಣ್ಣೆ ಬಿಟ್ಟು ಬೇಗ ಕಮಟಾಗುತ್ತವೆ. ಕರಿಬೇವು ಕೈಯಲ್ಲಿ ಹಿಸುಕಿದರೆ ಪುಡಿಪುಡಿ ಆಗುವವರೆಗೆ, ಹುಣಸೆಹಣ್ಣು ಗಟ್ಟಿಯಾಗುವವರೆಗೆ ಹುರಿಯಿರಿ. ಬೆಳ್ಳುಳ್ಳಿ ಹಸಿಯಾಗಿ ಹಾಕುವುದಾದರೆ ಹಾಕದಿರುವುದೇ ಲೇಸು.

ಇನ್ನೊಂದು ತಪ್ಪು ಆಗುವುದು ಕೊನೆಯ ಗಳಿಗೆಯಲ್ಲಿ. ಕರಿದ ತಿಂಡಿ ಮೇಲೆ ತಣ್ಣಗೆನಿಸಿದರೂ ರಾಶಿಯ ಒಳಗೆ ಬಿಸಿ ಇರುತ್ತದೆ. ಹಾಗೇ ಕಟ್ಟಿದರೆ ಆವಿ ಚೀಲದ ಒಳಮೈಗೆ ಹನಿಯಾಗಿ ಕೂತು, ಆ ಜಾಗದಿಂದಲೇ ಬೂಷ್ಟು ಏಳುತ್ತದೆ. ಕಾಗದದ ಮೇಲೆ ಒಂದೇ ಪದರವಾಗಿ ಹರಡಿ ಮೂರು ನಾಲ್ಕು ಗಂಟೆ ಬಿಟ್ಟು ಆಮೇಲೆ ತುಂಬಿ.

ಒಂದು ಡಬ್ಬಿಯಲ್ಲಿ ಎಷ್ಟು ಹಾಕಬೇಕು? ಹೇಗೆ ಕಟ್ಟಬೇಕು?
– ಯುವಕ ಸಂಘ, ಚಿಂತಾಮಣಿ

ಒಬ್ಬನಿಗೆ ಕಳಿಸಿದ್ದು ಒಬ್ಬನೇ ತಿನ್ನುವುದಿಲ್ಲ. ಸೇನೆಯ ಸಣ್ಣ ತುಕಡಿಯಾದ ಒಂದು ಸೆಕ್ಷನ್ ಎಂದರೆ ಸುಮಾರು ಹತ್ತು ಜನ. ಡಬ್ಬಿ ಬಿಚ್ಚಿದೊಡನೆ ಹತ್ತೂ ಕೈ ಬರುತ್ತವೆ. ಹಾಗಾಗಿ ಬಗೆ ಕಡಿಮೆ ಮಾಡಿ, ಪ್ರಮಾಣ ಹೆಚ್ಚು ಮಾಡಿ. ಮೂರು ಕಿಲೋ ಡಬ್ಬಿಗೆ ಈ ಲೆಕ್ಕ ಚೆನ್ನಾಗಿ ಕೂರುತ್ತದೆ: ಕರದಂಟು ಅಥವಾ ಕಡಲೆಮಿಠಾಯಿ ಅರ್ಧ ಕಿಲೋ, ಚಕ್ಕುಲಿ ಅಥವಾ ಕೋಡುಬಳೆ ಮುಕ್ಕಾಲು ಕಿಲೋ, ಚಟ್ನಿಪುಡಿ 200 ಗ್ರಾಮಿನ ಎರಡು ಪೊಟ್ಟಣ, ಶೇಂಗಾ ಹೋಳಿಗೆ ಹತ್ತು, ಖಟಕ್ ರೊಟ್ಟಿ ಹತ್ತು. ಉಳಿದ ತೂಕ ಪೆಟ್ಟಿಗೆಯದು, ಪತ್ರದ್ದು.

ಗಾಜು ಬೇಡ. ಉಪ್ಪಿನಕಾಯಿ, ಜೇನುತುಪ್ಪ, ಕೊಬ್ಬರಿ ಎಣ್ಣೆ – ಯಾವ ದ್ರವವೂ ಬೇಡ. ಒಂದು ಬಾಟಲಿ ಸೋರಿದರೆ ಅದೇ ಚೀಲದಲ್ಲಿರುವ ಬೇರೆಯವರ ಟಪಾಲೂ ಹಾಳು.

ಗಾಳಿಯ ವಿಷಯ ಬಹಳ ಮಂದಿಗೆ ಹೊಳೆಯುವುದಿಲ್ಲ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ; ಅಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಸಿಯಾಚಿನ್‌ನ ಮೇಲಿನ ಠಾಣೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಲ್ಲಿ ಗಾಳಿ ತುಂಬಿ ಮುಚ್ಚಿದ ಚಿಪ್ಸ್ ಪೊಟ್ಟಣ ಅಲ್ಲಿಗೆ ಹೋಗುವಷ್ಟರಲ್ಲಿ ಬಲೂನಿನಂತೆ ಉಬ್ಬಿ ಹೊಲಿಗೆ ಬಿಡುತ್ತದೆ. ಆದ್ದರಿಂದ ಚೀಲದ ಗಾಳಿಯನ್ನು ಪೂರ್ತಿ ಒತ್ತಿ ತೆಗೆದು ಮುಚ್ಚಿ. ನಿರ್ವಾತ ಪ್ಯಾಕಿಂಗ್ ಯಂತ್ರವಿರುವ ಅಂಗಡಿ ಹತ್ತಿರ ಇದ್ದರೆ ಚಟ್ನಿಪುಡಿಗೆ ಅದೇ ಉತ್ತಮ. ಚಕ್ಕುಲಿಗೆ ಬೇಡ, ಪುಡಿಯಾಗುತ್ತದೆ. ಚಕ್ಕುಲಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಿಲ್ಲಿಸಿ ಜೋಡಿಸಿ, ಸಂದಿಗೆ ಚುರುಮುರಿ ಸುರಿಯಿರಿ. ಪೆಟ್ಟು ತಡೆಯುತ್ತದೆ, ತಿನ್ನಲೂ ಬರುತ್ತದೆ.

ರಟ್ಟಿನ ಪೆಟ್ಟಿಗೆ ಅಲುಗಿಸಿದಾಗ ಸದ್ದು ಬರಬಾರದು. ಎಲ್ಲ ಅಂಚಿಗೂ ಅಗಲ ಟೇಪು ಹಾಕಿ, ಮೇಲೆ ಬಿಳಿ ಬಟ್ಟೆ ಹೊಲಿದರೆ ಇನ್ನೂ ಗಟ್ಟಿ. ಹೊಲಿಯುವ ಮೊದಲು ಅಂಚೆ ಕಚೇರಿಗೆ ಒಮ್ಮೆ ಹೋಗಿ ತೂಕದ ಮಿತಿ, ದರ ಕೇಳಿ ಬನ್ನಿ. ಹದಿನೆಂಟು ಡಬ್ಬಿ ಒಟ್ಟಿಗೆ ತರುವುದನ್ನು ಹಿಂದಿನ ದಿನವೇ ತಿಳಿಸಿದರೆ ಕೌಂಟರಿನವರೂ ಮುಖ ಸಿಂಡರಿಸುವುದಿಲ್ಲ.

ನಮ್ಮೂರ ಹೆಮ್ಮೆ ಕೊಬ್ಬರಿ. ಒಂದೊಂದು ಡಬ್ಬಿಗೂ ನಾಲ್ಕು ಗಿಟುಕು ಹಾಕಬಹುದಲ್ಲ?
– ಓದುಗರು, ತಿಪಟೂರು

ಹಾಕಬೇಡಿ. ಎಣ್ಣೆ ಹೆಚ್ಚಿರುವ ಒಣ ಕೊಬ್ಬರಿ ತಾನೇ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂಬ ಕಾರಣಕ್ಕೆ ಅದು ವಿಮಾನ ಸಾಗಣೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಸ್ಪೀಡ್ ಪೋಸ್ಟ್ ಚೀಲ ವಿಮಾನ ಹತ್ತುವಂಥದ್ದು. ಪವರ್ ಬ್ಯಾಂಕ್, ಲೈಟರ್, ಬೆಂಕಿಪೊಟ್ಟಣ, ಸೆಂಟು, ಒತ್ತಿ ಸಿಂಪಡಿಸುವ ಡಬ್ಬಿಗಳಿಗೂ ಇದೇ ಉತ್ತರ. ನೋಟು ಇಡುವುದೂ ಬೇಡ.

ಲಡಾಖಿನಲ್ಲಿರುವವರಿಗೆ ಸಂಕ್ರಾಂತಿಗೆ ಎಳ್ಳು–ಬೆಲ್ಲ ಕಳಿಸಲು ಯಾವಾಗ ಅಂಚೆಗೆ ಹಾಕಬೇಕು?
– ಓದುಗರು, ಮಂಡ್ಯ

ಡಿಸೆಂಬರ್ ಮೊದಲ ವಾರ ದಾಟಿಸಬೇಡಿ. ಚಳಿಗಾಲದಲ್ಲಿ ಮನಾಲಿ ಕಡೆಯ ರಸ್ತೆ ಮುಚ್ಚುತ್ತದೆ. ರೋಹ್ತಾಂಗ್ ಕೆಳಗೆ 2020ರಲ್ಲಿ ಸುರಂಗ ತೆರೆದಿದ್ದರೂ ಅದರಾಚೆಯ ಬಾರಾಲಾಚಾ ಕಣಿವೆ ಹಿಮದಲ್ಲಿ ಹೂತಿರುತ್ತದೆ. ಶ್ರೀನಗರ ಕಡೆಯ ದಾರಿಯಲ್ಲಿರುವ ಜೋಜಿಲಾ ಕಣಿವೆ ಕೂಡ ಆಗಾಗ ಮುಚ್ಚುತ್ತದೆ. ಆಗ ಟಪಾಲು ವಿಮಾನವನ್ನೇ ಕಾಯಬೇಕು, ಮುಂದಿನ ಠಾಣೆಗೆ ಹೆಲಿಕಾಪ್ಟರನ್ನು. ಹವೆ ಕೆಟ್ಟರೆ ಎರಡೂ ನಿಲ್ಲುತ್ತವೆ. ಹಾರಿದರೂ ಔಷಧಿ, ಸೀಮೆಎಣ್ಣೆಗೆ ಮೊದಲ ಜಾಗ. ಎಳ್ಳು–ಬೆಲ್ಲದಲ್ಲಿ ಕೊಬ್ಬರಿ ಚೂರು ಬಿಟ್ಟು ಹುರಿಗಡಲೆ, ಶೇಂಗಾ ಜಾಸ್ತಿ ಮಾಡಿ. ಕಬ್ಬಿನ ತುಂಡಿನ ಆಸೆ ಬಿಡಿ. ಸ್ಪೀಡ್ ಪೋಸ್ಟಿನ ಟ್ರ್ಯಾಕಿಂಗ್ ಹಲವು ಸಲ ಸೇನಾ ಅಂಚೆಗೆ ಒಪ್ಪಿಸಿದಲ್ಲಿಗೇ ನಿಂತುಬಿಡುತ್ತದೆ. ಪಾರ್ಸೆಲ್ ಕಳೆದಿದೆ ಎಂದು ಗಾಬರಿಯಾಗಬೇಡಿ.

ಸ್ವೆಟರ್, ಕಂಬಳಿ ಸಂಗ್ರಹಿಸಿದ್ದೇವೆ. ಯಾರ ಹೆಸರೂ ಇಲ್ಲದೆ ‘ಗಡಿಯ ಯೋಧರಿಗೆ’ ಎಂದು ಬರೆದು ಕಳಿಸಬಹುದೆ?
– ಕಾಲೇಜು ಎನ್‌ಎಸ್‌ಎಸ್ ಘಟಕ, ಶಿವಮೊಗ್ಗ

ಎರಡೂ ಆಗದು. ಹಿಮಪ್ರದೇಶದ ಉಡುಪು, ಬೂಟು, ಮಲಗುವ ಚೀಲ ಸೇನೆಯೇ ಕೊಡುತ್ತದೆ, ಅದೂ ಪದರ ಪದರವಾಗಿ ತೊಡುವಂಥ ವಿಶೇಷ ಉಡುಪು. ಮನೆಯ ಉಣ್ಣೆ ಸ್ವೆಟರ್ ಬೆವರು ಹೀರಿಕೊಂಡು ಒಣಗದೆ ಅಲ್ಲಿ ತೊಂದರೆಯೇ. ಸಮವಸ್ತ್ರದ ಚಿತ್ತಾರದ ಅಂಗಿಗಳಂತೂ ಕಳಿಸಲೇಬಾರದು. ನಿಮ್ಮ ಕಂಬಳಿಗಳಿಗೆ ಊರಿನ ವೃದ್ಧಾಶ್ರಮ ಸರಿಯಾದ ಜಾಗ.

ಹೆಸರಿಲ್ಲದ ಪೊಟ್ಟಣವನ್ನು ಯಾವ ಸೇನೆಯೂ ಅನುಮಾನದಿಂದಲೇ ನೋಡುತ್ತದೆ, ನೋಡಬೇಕು ಕೂಡ. ಇಡೀ ಘಟಕಕ್ಕೆ ಕೊಡುವ ಮನಸ್ಸಿದ್ದರೆ ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಅವರ ಮೂಲಕ, ಅಥವಾ ಆ ಘಟಕದಲ್ಲಿರುವ ನಿಮ್ಮೂರ ಯೋಧನ ಮೂಲಕ, ಕಮಾಂಡಿಂಗ್ ಆಫೀಸರ್‌ಗೆ ಒಂದು ಪುಟದ ಪತ್ರ ಬರೆಯಿರಿ: ನೀವು ಯಾರು, ಏನೇನು ವಸ್ತು, ಎಷ್ಟು, ಒಟ್ಟು ತೂಕ, ಯಾವಾಗ. ಒಪ್ಪಿಗೆ ಬಂದ ಮೇಲೆ ಕೊಳ್ಳಿ. ಅಪರಿಚಿತರ ಮನೆತಿಂಡಿಗಿಂತ ಕಾರ್ಖಾನೆಯ ಸೀಲು ಒಡೆಯದ ವಸ್ತು ಸಲೀಸು. ಕೇರಂ ಪೌಡರ್, ಕೇರಂ ಕಾಯಿ, ಚದುರಂಗ, ವಾಲಿಬಾಲ್ ನೆಟ್, ಸೂಜಿ–ದಾರ–ಗುಂಡಿ, ತುಟಿಗೆ ಹಚ್ಚುವ ಮುಲಾಮು ನಿಜಕ್ಕೂ ಬಳಕೆಯಾಗುತ್ತವೆ.

ದುಡ್ಡು ಮಿಕ್ಕರೆ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೆ ಕೊಡಿ. 1949ರಿಂದ ನಡೆದುಬಂದ ದಿನ ಅದು. ಹಣ ಮಾಜಿ ಸೈನಿಕರಿಗೆ, ಅವರ ಕುಟುಂಬಗಳಿಗೆ ಹೋಗುತ್ತದೆ.

ಮಕ್ಕಳಿಂದ ಪತ್ರ, ರಾಖಿ ಕಳಿಸುತ್ತೇವೆ. ಏನು ಬರೆಸಬೇಕು?
– ಪ್ರೌಢಶಾಲೆ ಶಿಕ್ಷಕಿ, ಸಿರಸಿ

ಬೋರ್ಡಿನ ಮೇಲೆ ಮಾದರಿ ಬರೆದು ನಕಲು ಮಾಡಿಸಬೇಡಿ ಮೇಡಂ. ಅರವತ್ತು ಮಕ್ಕಳು ‘ನಿಮ್ಮಿಂದ ನಾವು ನೆಮ್ಮದಿಯಾಗಿ ನಿದ್ರಿಸುತ್ತೇವೆ’ ಎಂದರೆ ಎರಡನೆಯದನ್ನೂ ಯಾರೂ ಓದುವುದಿಲ್ಲ. ಮಳೆ ಎಷ್ಟು ಬಂತು, ಅಡಿಕೆ ಕೊಯ್ಲು ಶುರುವಾಯಿತೆ, ಕಬಡ್ಡಿಯಲ್ಲಿ ಯಾರು ಸೋತರು – ಹತ್ತು ಸಾಲು ಸಾಕು. ಘಟಕದಲ್ಲಿ ಬೇರೆ ರಾಜ್ಯದವರೂ ಇದ್ದರೆ ಕೆಳಗೆ ಎರಡು ಸಾಲು ಹಿಂದಿ ಇರಲಿ. ಮಗುವಿನ ಮನೆ ವಿಳಾಸ, ಫೋನ್ ನಂಬರ್ ಬೇಡ, ಶಾಲೆಯ ವಿಳಾಸ ಸಾಕು. ‘ನೀವು ಎಲ್ಲಿದ್ದೀರಿ, ಎಷ್ಟು ಜನ ಇದ್ದೀರಿ’ ಎಂಬ ಪ್ರಶ್ನೆಗಳನ್ನು ತೆಗೆಸಿ. ಮಿನುಗು ಪುಡಿ ಅಂಟಿಸಿದ ಕಾರ್ಡ್ ಬೇಡ, ಅದು ತಿಂಡಿಗೆಲ್ಲ ಹತ್ತುತ್ತದೆ. ರಾಖಿಗೆಂದೇ ಅಂಚೆ ಇಲಾಖೆ ನೀರು ಹೀರದ ಲಕೋಟೆ ಮಾರುತ್ತದೆ.

ದೊಡ್ಡವರಿಗೂ ಒಂದು ಮಾತು. ಡಬ್ಬಿಗಳನ್ನು ಸಾಲಾಗಿ ಜೋಡಿಸಿ ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುವಾಗ ಮೇಲಿನ ವಿಳಾಸ ಓದಲು ಬರುವಂತಿದ್ದರೆ ಹದಿನೆಂಟು ಯೋಧರ ಸಂಖ್ಯೆ, ಘಟಕ ಎಲ್ಲ ಊರೂರು ಸುತ್ತುತ್ತದೆ. ಫೋಟೊ ಬೇಕೆಂದರೆ ಚೀಟಿ ಅಂಟಿಸುವ ಮೊದಲು ತೆಗೆಯಿರಿ.

ಮಗ ಅಮೆರಿಕದ ಸೇನೆಯಲ್ಲಿದ್ದು ಹೊರದೇಶಕ್ಕೆ ಹೋಗಿದ್ದಾನೆ. ಕನ್ನಡ ಕೂಟದ ಗೆಳತಿಯರು ಸೇರಿ ಕರ್ಜಿಕಾಯಿ ಕಳಿಸಬೇಕೆಂದಿದ್ದೇವೆ.
– ಓದುಗರು, ಕ್ಯಾಲಿಫೋರ್ನಿಯಾ

ಕರ್ಜಿಕಾಯಿ ಹೂರಣಕ್ಕೆ ಗಸಗಸೆ ಹಾಕುವ ರೂಢಿಯಿದ್ದರೆ ಬಿಟ್ಟುಬಿಡಿ. ಗಸಗಸೆ ತಿಂದವರ ಮೂತ್ರದಲ್ಲಿ ಕೊಡೀನ್ ಎಂಬ ಅಫೀಮಿನ ಅಂಶ ಕಾಣಿಸಿ ಮಾದಕ ವಸ್ತು ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದೆಂದು ಅಲ್ಲಿನ ರಕ್ಷಣಾ ಇಲಾಖೆ 2023ರ ಫೆಬ್ರವರಿಯಲ್ಲಿ ಸೈನಿಕರಿಗೆ ಎಚ್ಚರಿಕೆ ಕೊಟ್ಟಿದೆ. ಕಜ್ಜಾಯದ ಮೇಲೆ ಉದುರಿಸುವುದಕ್ಕೂ ಇದು ಅನ್ವಯ. ಬದಲಿಗೆ ಎಳ್ಳು ಹಾಕಿ.

ವಿಳಾಸದಲ್ಲಿ ದೇಶದ, ಊರಿನ ಹೆಸರು ಬರೆಯಬಾರದು. ಬರೆದರೆ ಪೆಟ್ಟಿಗೆ ಆ ದೇಶದ ಅಂಚೆಗೆ ಸೇರಿಬಿಡುತ್ತದೆ. ಎಪಿಒ (ಸೇನಾ ಅಂಚೆ) ಅಥವಾ ಎಫ್‌ಪಿಒ (ನೌಕಾಪಡೆಯ ಅಂಚೆ), ಜೊತೆಗೆ ವಲಯದ ಗುರುತಾದ ಎಇ, ಎಪಿ ಅಥವಾ ಎಎ, ಕೊನೆಗೆ ನಮ್ಮ ಪಿನ್‌ನಂಥ ಜಿಪ್ ಕೋಡ್, ಅಷ್ಟೆ. ದರ ದೇಶದೊಳಗಿನದೇ, ಆದರೂ ಕಸ್ಟಮ್ಸ್ ಫಾರ್ಮ್ ತುಂಬಬೇಕು. ‘ತಿಂಡಿ’ ಎಂದಷ್ಟೇ ಬರೆಯದೆ ‘ಅಕ್ಕಿಹಿಟ್ಟಿನ ಕುರುಕು, ಎರಡು ಪೌಂಡ್’ ಎಂಬಂತೆ ಬಿಡಿಸಿ ಬರೆಯಿರಿ. ಕೊಲ್ಲಿ ದೇಶಗಳ ಜಿಪ್‌ಗಳಿಗೆ ಹಂದಿಮಾಂಸ, ಮದ್ಯದಂಥ ನಿಷೇಧಗಳು ಬೇರೆ ಬೇರೆ ಇರುತ್ತವೆ, ಆಯಾ ಜಿಪ್‌ನ ಪಟ್ಟಿ ನೋಡಿಕೊಳ್ಳಿ. ಮಗನ ಜೊತೆಗಾರರಿಗೂ ಕಳಿಸುವುದಾದರೆ ಅವನ ಹೆಸರಿಗೇ ಕಳಿಸಿ. ಯಾವ ಸೈನಿಕನಿಗಾದರೂ ಸರಿ ಎಂದು ಬರೆದ ಟಪಾಲನ್ನು ಅಲ್ಲಿ 2001ರ ಆಂಥ್ರಾಕ್ಸ್ ರೋಗಾಣು ತುಂಬಿದ ಲಕೋಟೆಗಳ ಪ್ರಕರಣದ ಬಳಿಕ ನಿಲ್ಲಿಸಿದ್ದಾರೆ.

ಕಳಿಸಿದ ಡಬ್ಬಿ ಒಂದೂವರೆ ತಿಂಗಳಿಗೆ ವಾಪಸ್ ಬಂದಿದೆ. ಮತ್ತೆ ಕಳಿಸಬಹುದೆ?
– ಓದುಗರು, ಹಾಸನ

ಮೇಲಿನ ಷರಾ ಓದಿ. ವರ್ಗಾವಣೆ, ದೀರ್ಘ ರಜೆ, ಅಪೂರ್ಣ ವಿಳಾಸ – ಹೆಚ್ಚಾಗಿ ಈ ಮೂರರಲ್ಲಿ ಒಂದಿರುತ್ತದೆ. ತಿಂಡಿ ವಾಸನೆ ನೋಡಿ ಚೆನ್ನಾಗಿದೆ ಎನಿಸಿದರೂ ಅದನ್ನೇ ಮತ್ತೆ ಕಳಿಸಬೇಡಿ, ತಲುಪುವಷ್ಟರಲ್ಲಿ ಎರಡೂವರೆ ತಿಂಗಳ ಹಳತಾಗಿರುತ್ತದೆ. ಪತ್ರ, ಪುಸ್ತಕ ಎತ್ತಿಟ್ಟುಕೊಂಡು ಮನೆಯವರಿಂದ ಹೊಸ ವಿಳಾಸ ಪಡೆಯಿರಿ. ಹುಡುಗ ರಜೆಯಲ್ಲಿ ಊರಿಗೇ ಬಂದಿದ್ದರೆ ಹಿಂತಿರುಗುವಾಗ ಅವನ ಟ್ರಂಕಿನಲ್ಲೇ ಒಂದು ಡಬ್ಬಿ ಇಡಿ. ಆಗ ಉಪ್ಪಿನಕಾಯಿಯೂ ಹೋದೀತು.