ಪ್ರತಿಕ್ರಿಯೆ: ಮಕ್ಕಳು ಬಿತ್ತಿದ ಧೂಪದ ಬೀಜ ಯಾಕೆ ಹುಟ್ಟಲಿಲ್ಲ?

ಮಳೆಗಾಲದಲ್ಲಿ ಹೆಕ್ಕಿದ ಧೂಪದ (ಪಶ್ಚಿಮ ಘಟ್ಟದ ಕಾಡಿನ ಮರ) ಬೀಜ ಒಣಗಿಸಿಟ್ಟು, ನವೆಂಬರಿನಲ್ಲಿ ಕ್ಯಾಂಪಸ್ಸಿನ ಸಸ್ಯವನಕ್ಕೆ ಬಂದ ಶಾಲಾ ಮಕ್ಕಳಿಂದ ಬಿತ್ತಿಸಿದೆವು ಅಂದಿರಲ್ವಾ, ಒಣಗಿಸಿದ್ದರಿಂದಲೇ ಅದು ಸತ್ತಿರಬೇಕು. ಮಣ್ಣಿನ ದೋಷವೂ ಇರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಧೂಪ, ಹಲಸು, ನೇರಳೆ ಬೀಜಗಳು ತೇವ ಆರಿದರೆ ಉಳಿಯುವುದಿಲ್ಲ.

ಮೊದಲು ಕಾರ್ಯಕ್ರಮವನ್ನೇ ಜೂನ್-ಜುಲೈಗೆ ತನ್ನಿ. ತೀರ್ಥಹಳ್ಳಿ, ಹೊಸನಗರ ಕಡೆಯ ಶಾಲೆಗಳಾದರೆ ಮಳೆ ರಜೆ ಬಂದೇ ಬರುತ್ತದೆ, ಇನ್ನೊಂದು ದಿನ ಕೈಯಲ್ಲಿಟ್ಟುಕೊಳ್ಳಿ. ಆಗಷ್ಟೇ ಬಿದ್ದ, ಹುಳ ಹಿಡಿಯದ ಬೀಜ ಹೆಕ್ಕಿ, ಒದ್ದೆ ಗೋಣಿಯಲ್ಲಿ ತಂದು ಅದೇ ವಾರ ಬಿತ್ತಿಸಿ. ಮರದಡಿಯ ಬೀಜವನ್ನೆಲ್ಲ ಬಾಚಬೇಡಿ, ಕಾಡಿಗೂ ಬೇಕು. ಸಸಿಗಳನ್ನು ಬಯಲಲ್ಲಿ ನೆಡಬೇಡಿ, ಎಳೆಯ ಧೂಪಕ್ಕೆ ನೆರಳು ಬೇಕೇ ಬೇಕು.

ಹಣಕ್ಕೆ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿ ಕೇಳಿ, 2013ರ ಕಂಪನಿ ಕಾಯ್ದೆಯಲ್ಲಿ ಪರಿಸರದ ಕೆಲಸಕ್ಕೂ ಅವಕಾಶವಿದೆ. ಅರ್ಜಿಯಲ್ಲಿ ನೆಡುವ ಖರ್ಚಷ್ಟೇ ಅಲ್ಲ, ಮೂರು ವರ್ಷದ ಕಳೆ, ಬೇಲಿ, ಬೆಂಕಿ ಕಾಯುವ ಕೂಲಿಯನ್ನೂ ಸೇರಿಸಿ.