804 ರೂಪಾಯಿ ರಶೀದಿ ಮತ್ತು ಹತ್ತದ ಬೀದಿ ದೀಪ

ಶ್ರೀನಿವಾಸಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಮನೆ ಕಂದಾಯ 804 ರೂಪಾಯಿ ಕಟ್ಟಿದ್ದೇನೆ. ಮನೆ ಮುಂದಿನ ದೀಪ ಮೂರು ತಿಂಗಳಿಂದ ಹತ್ತಿಲ್ಲ. ಪಂಚಾಯಿತಿಯಲ್ಲಿ ಕೇಳಿದರೆ ಅನುದಾನ ಬಂದಿಲ್ಲ ಅಂತಾರೆ. ತಹಶೀಲ್ದಾರರಿಗೆ ಅರ್ಜಿ ಕೊಟ್ಟೆ, ಅದರಿಂದಲೂ ಏನೂ ಆಗಲಿಲ್ಲ. ಜಿಲ್ಲಾ ಪಂಚಾಯಿತಿ ಮೆಂಬರ್ ಯಾರು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ಸರ್ಕಾರಕ್ಕೆ ಅಷ್ಟೊಂದು ತೆರಿಗೆ ಹೋಗುತ್ತಲ್ಲ, ಒಂದು ಬಲ್ಬಿಗೆ ದುಡ್ಡಿಲ್ವಾ?"

ಅಕ್ಕಾ, ರಶೀದಿಯ ಜೆರಾಕ್ಸ್ ಜೊತೆಗಿಟ್ಟು ಕಳಿಸಿದ್ದು ಒಳ್ಳೆಯದಾಯಿತು. ಅಲ್ಲಿಂದಲೇ ಶುರು ಮಾಡೋಣ. ಅದರಲ್ಲಿ ಮನೆ ತೆರಿಗೆ ಅಂತ ಇರುವುದು 600 ರೂಪಾಯಿ ಮಾತ್ರ. ಮಿಕ್ಕ 204 ರೂಪಾಯಿ ಸೆಸ್ಸು, ಅಂದರೆ ಆ ತೆರಿಗೆ ಮೇಲೆ ಹಾಕುವ ಕರ. ಆರೋಗ್ಯ ಕರ ನೂರಕ್ಕೆ 15, ಅಂದರೆ 90 ರೂಪಾಯಿ. ಶಿಕ್ಷಣ ಕರ ನೂರಕ್ಕೆ 10, ಅಂದರೆ 60. ಗ್ರಂಥಾಲಯ ಕರ ನೂರಕ್ಕೆ 6, ಅಂದರೆ 36. ಕೊನೆಯ ಸಾಲಿನಲ್ಲಿ 18 ರೂಪಾಯಿ ಇದೆಯಲ್ಲ, ಅದು ಭಿಕ್ಷುಕರ ಕರ, ನೂರಕ್ಕೆ 3. ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಇದರಿಂದ. ಈ ನಾಲ್ಕನ್ನೂ ವಸೂಲಿ ಮಾಡುವುದು ನಿಮ್ಮ ಪಂಚಾಯಿತಿಯೇ, ಆದರೆ ಅದರಲ್ಲಿ ಒಂದು ರೂಪಾಯಿಯನ್ನೂ ಬಲ್ಬಿಗೆ ಹಾಕುವಂತಿಲ್ಲ. ಬಿಲ್ ಕಲೆಕ್ಟರ್ ಬೈಸಿಕೊಳ್ಳುವುದು ಪೂರಾ 804ಕ್ಕೆ, ಊರಿಗೆ ಉಳಿಯುವುದು 600.

ಇನ್ನು ತಹಶೀಲ್ದಾರರ ವಿಷಯ. ಈ ತಪ್ಪು ನಾನೂ ಮಾಡಿದ್ದೇನೆ. ಚರಂಡಿ ವಿಚಾರಕ್ಕೆ ಅರ್ಜಿ ಹಿಡಿದು ಬೇರೆ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂತೆದ್ದು ಬಂದಿದ್ದೇನೆ. ತಾಲ್ಲೂಕು ಕಚೇರಿ ಬೇರೆ, ತಾಲ್ಲೂಕು ಪಂಚಾಯಿತಿ ಕಚೇರಿ ಬೇರೆ. ಪಹಣಿ, ಜಾತಿ ಸರ್ಟಿಫಿಕೇಟು, ವೃದ್ಧಾಪ್ಯ ಪಿಂಚಣಿ ಇವೆಲ್ಲ ಕಂದಾಯ ಇಲಾಖೆಯವು. ನಾಡಕಚೇರಿ, ತಹಶೀಲ್ದಾರ್, ಎ.ಸಿ. (ಉಪವಿಭಾಗಾಧಿಕಾರಿ), ಡಿ.ಸಿ. (ಜಿಲ್ಲಾಧಿಕಾರಿ) ಅಂತ ಮೇಲೆ ಹೋಗುತ್ತವೆ. ದೀಪ, ಚರಂಡಿ, ನೀರು ಪಂಚಾಯಿತಿಯವು. ಅಲ್ಲಿ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಅವರ ಮೇಲೆ ತಾಲ್ಲೂಕು ಪಂಚಾಯಿತಿ ಇಓ (ಕಾರ್ಯನಿರ್ವಾಹಕ ಅಧಿಕಾರಿ), ಅವರ ಮೇಲೆ ಜಿಲ್ಲಾ ಪಂಚಾಯಿತಿ ಸಿಇಓ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ). ನಿಮ್ಮ ಅರ್ಜಿ ಹೋಗಬೇಕಿದ್ದದ್ದು ಇಓಗೆ.

ಈಗ ಅನುದಾನಕ್ಕೆ ಬರೋಣ. ನಮ್ಮ ಕೋಲಾರ ಜಿಲ್ಲೆಯ ಕೆರೆಗಳನ್ನು ಹಿರಿಯರು ಕಟ್ಟಿದ್ದು ಒಂದರ ಕೆಳಗೊಂದು, ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. 2018ರಲ್ಲಿ ಕೆಸಿ ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು, ಬಂದಾಗಲೂ ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ, ಆಮೇಲೆ ಮಿಕ್ಕವು. ಸರ್ಕಾರದ ದುಡ್ಡೂ ಹೀಗೇ ಇಳಿಯುತ್ತದೆ. ನೀವು ಅಂಗಡಿಯಲ್ಲಿ ಒಂದು ಕುಕ್ಕರ್ ತಗೊಂಡರೆ ಅದರ ಜಿಎಸ್‌ಟಿಯಲ್ಲಿ ಅರ್ಧ ರಾಜ್ಯಕ್ಕೆ, ಅರ್ಧ ಕೇಂದ್ರಕ್ಕೆ. ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ, ಮದ್ಯದ ಅಬಕಾರಿ, ಸೈಟು ರಿಜಿಸ್ಟರ್ ಮಾಡಿಸುವಾಗಿನ ಮುದ್ರಾಂಕ ಶುಲ್ಕ, ಗಾಡಿ ತೆರಿಗೆ ಇವು ರಾಜ್ಯದ ಸ್ವಂತ ಸಂಪಾದನೆ. ಕೇಂದ್ರ ತನ್ನಲ್ಲಿ ಹಂಚಬೇಕಾದ ತೆರಿಗೆಯಲ್ಲಿ ನೂರಕ್ಕೆ 41 ಪಾಲನ್ನು ರಾಜ್ಯಗಳಿಗೆ ಕೊಡಬೇಕು ಅಂತ 15ನೇ ಹಣಕಾಸು ಆಯೋಗ, ಅಂದರೆ ಕೇಂದ್ರದ ತೆರಿಗೆ ಹೇಗೆ ಹಂಚಬೇಕು ಅಂತ ಹೇಳುವ ಸಮಿತಿ, ಹೇಳಿತು. ಆ ಪಾಲಿನಲ್ಲಿ ಕರ್ನಾಟಕದ ಭಾಗ ಹಿಂದಿನ ಆಯೋಗದ ಕಾಲದಲ್ಲಿ ಶೇ. 4.713 ಇದ್ದದ್ದು ಶೇ. 3.647ಕ್ಕೆ ಇಳಿಯಿತು. ಬೆಂಗಳೂರು, ದೆಹಲಿ ಜಗಳ ಪೇಪರಿನಲ್ಲಿ ಓದ್ತೀರಲ್ಲ, ಅದು ಇದೇ.

ಕೆರೆ ನೀರಾದರೆ ಬಂದ ಮೇಲೆ ನಮ್ಮದು, ರಾಗಿಗೋ ಟೊಮೆಟೊಗೋ ನಾವೇ ನೋಡಿಕೊಳ್ಳುತ್ತೇವೆ. ಪಂಚಾಯಿತಿಗೆ ಬರುವ ದುಡ್ಡಿಗೆ ಮಾತ್ರ ಮೇಲಿಂದಲೇ ಚೀಟಿ ಅಂಟಿಸಿ ಬಿಡುತ್ತಾರೆ. 2021ರಿಂದ 2026ರ ತನಕದ ಹಣಕಾಸು ಆಯೋಗದ ಅನುದಾನ ನೋಡಿ. ನೂರಕ್ಕೆ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಹೋಗಬೇಕಿತ್ತು. ಮಿಕ್ಕ 40ರಲ್ಲೂ ಸಂಬಳ ಕೊಡುವ ಹಾಗಿರಲಿಲ್ಲ. ರಾಜ್ಯದ ಶಾಸನಬದ್ಧ ಅನುದಾನದಲ್ಲಿ ಒಂದು ದೊಡ್ಡ ಪಾಲು ಬೀದಿ ದೀಪ ಮತ್ತು ನೀರಿನ ಮೋಟರಿನ ಕರೆಂಟ್ ಬಿಲ್ಲಿಗೇ ಮೀಸಲು. ಸಾವಿರ ಅಡಿ ದಾಟಿದ ಬೋರಿನಿಂದ ನೀರೆತ್ತುವ ನಮ್ಮ ಕಡೆ ಆ ಬಿಲ್ಲು ಎಷ್ಟು ಬರಬಹುದು ಅಂತ ನಿಮಗೆ ನಾನು ಹೇಳಬೇಕಿಲ್ಲ. ತಮಾಷೆ ನೋಡಿ, ಹತ್ತುವ ದೀಪದ ಕರೆಂಟಿಗೆ ದುಡ್ಡು ಮೇಲಿಂದ ಬರುತ್ತದೆ, ಕೆಟ್ಟ ದೀಪ ಬದಲಿಸುವವನ ಕೂಲಿಗೆ ಊರೇ ಒದಗಿಸಬೇಕು.

ಊರು ಅಂದರೆ ಆ 600 ರೂಪಾಯಿಗಳು. ಮನೆ, ಅಂಗಡಿ, ಖಾಲಿ ಸೈಟಿನ ತೆರಿಗೆ, ನೀರಿನ ಕಂದಾಯ, ಲೈಸೆನ್ಸ್ ಶುಲ್ಕ, ಸಂತೆ ಸುಂಕ ಇಷ್ಟೇ ಪಂಚಾಯಿತಿ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು. ನರಸಾಪುರದ ಹಾಗೆ ಕಾರ್ಖಾನೆಗಳಿರುವ ಕಡೆ ಇದು ಜೋರಾಗಿಯೇ ಇರುತ್ತದೆ. ನಿಮ್ಮ ಮಾವಿನ ತೋಪುಗಳ ಸೀಮೆಯಲ್ಲಿ ಎಲ್ಲಿಂದ ಬರಬೇಕು? ಹೊಲ, ತೋಪಿಗೆ ಪಂಚಾಯಿತಿ ಮನೆ ತೆರಿಗೆ ಹಾಕೋಕಾಗಲ್ಲ.

ಹಾಗಂತ ಪಂಚಾಯಿತಿಯವರು ಹೇಳಿದ್ದನ್ನು ಪೂರ್ತಿ ನಂಬಬೇಡಿ. "ಅನುದಾನ ಬಂದಿಲ್ಲ" ಅನ್ನುವುದು ಸುಮ್ನೆ ಬಾಯಿಗೆ ಬರುವ ಮಾತು ಆಗಿಬಿಟ್ಟಿದೆ. ಅವರ ಹತ್ತಿರ ಡಿಸಿಬಿ ಅಂತ ಒಂದು ಲೆಕ್ಕ ಇರುತ್ತದೆ: ಯಾರಿಂದ ಎಷ್ಟು ಬರಬೇಕು, ಎಷ್ಟು ಬಂತು, ಎಷ್ಟು ಬಾಕಿ. ಅದನ್ನು ಕೇಳಿ. ಹೆಂಚಿನ ಮನೆಯ ಮುದುಕಿ ಕಟ್ಟಿರುತ್ತಾಳೆ, ಕಲ್ಯಾಣ ಮಂಟಪದವನ ಬಾಕಿ ವರ್ಷಗಟ್ಟಲೆ ಬೆಳೆದಿರುತ್ತದೆ, ಅವನ ಮನೆ ಮದುವೆಗೆ ಮೆಂಬರುಗಳೆಲ್ಲ ಹೋಗಿ ಉಂಡಿರುತ್ತಾರೆ. ಎಲ್ಲ ಊರಲ್ಲೂ ಹೀಗೇ ಅನ್ನಲ್ಲ, ಆದರೆ ನೋಡುವುದರಲ್ಲಿ ತಪ್ಪಿಲ್ಲ ಅಲ್ವಾ?

ಜಿಲ್ಲಾ ಪಂಚಾಯಿತಿ ಮೆಂಬರ್ ಯಾರು ಅಂತ ಗೊತ್ತಿಲ್ಲದಿರುವುದು ನಿಮ್ಮ ತಪ್ಪಲ್ಲ. 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಅಂತ ಚುನಾವಣೆ ವರ್ಷಗಟ್ಟಲೆ ಎಳೆದುಕೊಂಡು ಹೋಯಿತು, ಅಧಿಕಾರಿಗಳೇ ನಡೆಸಿದರು. ಇದು ನನಗೆ ಬಲ್ಬಿಗಿಂತ ಜಾಸ್ತಿ ಬೇಜಾರಿನ ವಿಷಯ. ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ದೇಶಕ್ಕೆಲ್ಲ ಬಂದದ್ದು 1993ರಲ್ಲಿ. ಅದಕ್ಕೂ ಮುಂಚೆ, 1987ರಲ್ಲೇ, ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಜಿಲ್ಲಾ ಪರಿಷತ್ತಿಗೆ (ಈಗಿನ ಜಿಲ್ಲಾ ಪಂಚಾಯಿತಿಗೆ ಆಗಿದ್ದ ಹೆಸರು) ಚುನಾವಣೆ ಮಾಡಿ ತೋರಿಸಿದ ರಾಜ್ಯ ಇದು. ಹಳ್ಳಿಹಳ್ಳಿಗೆ ಬೋರು ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು.

ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು, ಅದಕ್ಕೂ ಮುಂಚೆ ವಾರ್ಡ್ ಸಭೆ. ವಾರ್ಡ್ ಸಭೆಗೇ ಹೋಗಿ, ಅಲ್ಲಿ ಜನ ಕಡಿಮೆ, ನಿಮ್ಮ ಮಾತು ಕೇಳಿಸುತ್ತದೆ. ದೀಪದ ವಿಷಯ ಬಾಯಲ್ಲಿ ಹೇಳಿ ಬರಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಕಂಬದ ನಂಬರ್ ಸಮೇತ. ಇಓಗೆ ಅರ್ಜಿ ಕೊಡುವಾಗ ಆ ಪುಟದ ಜೆರಾಕ್ಸ್ ಜೊತೆಗಿಡಿ. 804ರ ಮೂಲ ರಶೀದಿ ಮಾತ್ರ ಯಾರ ಕೈಗೂ ಕೊಡಬೇಡಿ.

– ಸಂ.