ಜಾಲತಾಣವನ್ನು ಮಾಲೀಕರಿಗೆ ಒಪ್ಪಿಸುವಾಗ

ಪ್ರಶ್ನೆ: ಕೊಡಗಿನ ಹೋಂಸ್ಟೇಗಳಿಗೆ, ಕಾಫಿ ತೋಟದವರಿಗೆ ಪುಟಗಳನ್ನು ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಜಾಲತಾಣ ಮಾಡಿಕೊಡುವುದು ನನ್ನ ಉದ್ಯೋಗ. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಪರೀಕ್ಷಕದಲ್ಲಿ (ಪುಟದ ಕೋಡ್ ಸರಿಯಿದೆಯೇ ಎಂದು ನೋಡುವ ಸಾಧನ) ಒಂದೂ ದೋಷ ಬಾರದಂತೆ ನೋಡಿಕೊಂಡು, ಮುಂದಿನ ನಿರ್ವಹಣೆಯನ್ನು ಮಾಲೀಕರಿಗೇ ವಹಿಸುತ್ತೇನೆ. ಆರು ತಿಂಗಳ ಬಳಿಕ ತೆರೆದರೆ ಕೆಂಪು ಅಕ್ಷರಗಳು, ನಾಲ್ಕು ಬಗೆಯ ಗಾತ್ರಗಳು, ದರಪಟ್ಟಿಯ ಜಾಗದಲ್ಲಿ ವಾಟ್ಸಾಪ್‌ನಿಂದ ತಂದ ಚಿತ್ರ. ಎಷ್ಟು ಕಲಿಸಿಕೊಟ್ಟರೂ ಇದೇ ಕಥೆ. ಏನು ಮಾಡಲಿ?
— ಓದುಗರು, ವಿರಾಜಪೇಟೆ

ಉತ್ತರ: ನಿಮ್ಮ ಬೇಸರ ಸಹಜ, ಆದರೆ ತಪ್ಪಿನ ಹೆಚ್ಚಿನ ಪಾಲು ಮಾಲೀಕರದಲ್ಲ. ದಸರಾ ರಜೆಗೆ ಮುಂಚೆ ಹೊಸ ದರ ಹಾಕುವ ಅವಸರದಲ್ಲಿರುವವರು ಶೀರ್ಷಿಕೆಯ ಹಂತಗಳನ್ನೂ ಬಣ್ಣಗಳ ನಿಯಮವನ್ನೂ ನೆನಪಿಟ್ಟುಕೊಳ್ಳಲಿ ಎಂದು ಬಯಸುವುದು ನ್ಯಾಯವಲ್ಲ. ಎಲ್ಲವನ್ನೂ ಬದಲಿಸಬಹುದಾದ ಪುಟವನ್ನು ಕೈಗಿತ್ತು, ಬದಲಿಸಬೇಡಿ ಎಂದು ಪಾಠ ಹೇಳುವುದಕ್ಕಿಂತ, ಬದಲಾಗಬೇಕಾದುದಷ್ಟೇ ಅವರ ಕೈಗೆ ಸಿಗುವಂತೆ ಕಟ್ಟುವುದು ಲೇಸು.

ದರಪಟ್ಟಿಯನ್ನೇ ನೋಡಿ. ಅದು ಚಿತ್ರವಾಗುವುದಕ್ಕೆ ಕಾರಣಗಳಿವೆ. ಫೋನಿನಲ್ಲಿ ಕೋಷ್ಟಕದ ಒಂದು ಅಂಕಿಯನ್ನು ತಿದ್ದುವುದೇ ಒಂದು ಸಾಹಸ. ಜೊತೆಗೆ, ಕರಪತ್ರವನ್ನು ಮುದ್ರಣಾಲಯದವರು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಸಿದ್ಧಪಡಿಸಿದ್ದರೆ, ಆ ಪಠ್ಯವನ್ನು ಜಾಲತಾಣಕ್ಕೆ ಅಂಟಿಸಿದಾಗ ಅದು ಎಲ್ಲ ಸಾಧನಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲದ ಕಾರಣ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಮಾಲೀಕರು ಬೇಸತ್ತು ಕರಪತ್ರದ ಫೋಟೋ ತೆಗೆದು ಏರಿಸುತ್ತಾರೆ. ಆ ಚಿತ್ರವನ್ನು ಅಂಧ ಅತಿಥಿಗೆ ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದಿಹೇಳುವ ಸ್ಕ್ರೀನ್ ರೀಡರ್ ಓದಲಾರದು; ಸಿಗ್ನಲ್‌ನ ಒಂದೇ ಗೆರೆ ಕಾಣುವ ತೋಟದ ದಾರಿಯಲ್ಲಿ ಅದು ಬೇಗ ತೆರೆದುಕೊಳ್ಳುವುದೂ ಇಲ್ಲ. ಆದ್ದರಿಂದ ಕೋಣೆಯ ಹೆಸರು, ವಾರದ ದಿನಗಳ ದರ, ರಜಾದಿನಗಳ ದರ ಎಂದು ಮೂರು ಖಾನೆಗಳ ಅರ್ಜಿಯಂಥದ್ದನ್ನು ಮಾಡಿಕೊಡಿ. ಅವರು ಅಂಕಿ ತುಂಬಲಿ; ತಲೆಸಾಲುಗಳಿರುವ ಸರಿಯಾದ ಕೋಷ್ಟಕವನ್ನು ನಿಮ್ಮ ಟೆಂಪ್ಲೇಟ್ ರೂಪಿಸಲಿ. ಹಳೆಯ ಪಠ್ಯವನ್ನು ನೀವೇ ಒಮ್ಮೆ ಯೂನಿಕೋಡ್‌ಗೆ ಪರಿವರ್ತಿಸಿ, ಆ ಭಾಗ ಕನ್ನಡವೆಂದು ಪುಟದ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಗುರುತು ಹಾಕಿಡಿ.

ಮಾಲೀಕರಿಗೆ ನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಬದಲು ಎಡಿಟರ್ ಖಾತೆ ಸಾಕು. ಅದರಿಂದ ತಾಣದ ವಿನ್ಯಾಸವಾದ ಥೀಮನ್ನೂ ಹೆಚ್ಚುವರಿ ಸೌಲಭ್ಯ ಕೊಡುವ ಪ್ಲಗಿನ್‌ಗಳನ್ನೂ ಮುಟ್ಟಲಾಗದು. 2021ರಲ್ಲಿ ಬಂದ ವರ್ಡ್‌ಪ್ರೆಸ್‌ನ 5.8ನೇ ಆವೃತ್ತಿಯಿಂದೀಚೆಗೆ ಥೀಮ್‌ನ ಒಂದೇ ಕಡತದಲ್ಲಿ (theme.json) ಮನಬಂದ ಬಣ್ಣಗಳನ್ನೂ ಅಕ್ಷರಗಾತ್ರಗಳನ್ನೂ ಆರಿಸಲಾಗದಂತೆ ಮುಚ್ಚಿಡಬಹುದು. ಉಳಿಸುವ ಬಣ್ಣಗಳಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಓದಲು ಸುಲಭವಾಗುವಂತೆ ಕನಿಷ್ಠ 4.5:1 ವೈದೃಶ್ಯ (ಕಾಂಟ್ರಾಸ್ಟ್) ಇರಲಿ. ವರ್ಡ್‌ನಿಂದ ತರುವ ಪಠ್ಯವನ್ನು ಕಂಟ್ರೋಲ್, ಶಿಫ್ಟ್, ವಿ ಒತ್ತಿ ಅಂಟಿಸಲು ಹೇಳಿ; ಆಗ ಅಲ್ಲಿನ ಬಣ್ಣ, ಗಾತ್ರಗಳು ಜೊತೆಗೆ ಬಾರವು.

ಪರೀಕ್ಷಕದ ವಿಷಯದಲ್ಲಿ ಒಂದು ಮಾತು. ಅದು ಕೋಡ್‌ನ ವ್ಯಾಕರಣ ನೋಡುತ್ತದೆಯೇ ಹೊರತು ಅರ್ಥವನ್ನಲ್ಲ. ದರಪಟ್ಟಿಯ ಚಿತ್ರಕ್ಕೆ ಬದಲಿ ಪಠ್ಯವಾಗಿ (ಚಿತ್ರ ಕಾಣದವರಿಗೆ ಸ್ಕ್ರೀನ್ ರೀಡರ್ ಓದಿಹೇಳುವ ವಿವರಣೆ) ‘ಫೋಟೋ’ ಎಂದಷ್ಟೇ ಬರೆದರೂ ಅದು ತಕರಾರಿಲ್ಲದೆ ಒಪ್ಪುತ್ತದೆ. ನೀವು ಒಪ್ಪಬಾರದು. ಬದಲಿ ಪಠ್ಯ ಬರೆಯುವುದನ್ನು ನಾನಾದರೆ ಹೀಗೆ ಹೇಳಿಕೊಡುತ್ತೇನೆ: ಫೋನಿನಲ್ಲಿ ಮಾತಾಡುತ್ತಿರುವ ಅತಿಥಿಗೆ ಈ ಚಿತ್ರವನ್ನು ಹೇಗೆ ವರ್ಣಿಸುತ್ತೀರೋ ಹಾಗೇ ಬರೆಯಿರಿ. ‘ಹೂ ಬಿಟ್ಟ ಕಾಫಿ ಗಿಡಗಳ ನಡುವೆ ಹೆಂಚಿನ ಮನೆ’ ಎಂದು ಅವರು ನಿಮಗಿಂತ ಚೆನ್ನಾಗಿ ಬರೆದಾರು.

ಒಪ್ಪಿಸುವ ದಿನ ನೀವು ಮಾಡಿ ತೋರಿಸಬೇಡಿ. ಮಾಲೀಕರು ತಮ್ಮದೇ ಫೋನಿನಲ್ಲಿ ಒಂದು ದರ ಬದಲಿಸಿ, ಒಂದು ಫೋಟೋ ಏರಿಸಲಿ. ನೀವು ಪಕ್ಕದಲ್ಲಿ ಬಾಯಿ ಬಿಡದೆ ಕುಳಿತಿರಿ. ಅವರು ತಡವರಿಸುವ ಕಡೆಯೇ ನಿಮ್ಮ ಅರ್ಜಿಯಲ್ಲಿ ತಿದ್ದಬೇಕಾದ ಕಡೆ. ಕಾಫಿ ಕೊಯ್ಲಿನ ದಿನಗಳಲ್ಲಂತೂ ಇದನ್ನು ಇಟ್ಟುಕೊಳ್ಳಬೇಡಿ, ಯಾರೂ ಕೈಗೆ ಸಿಗುವುದಿಲ್ಲ.

ವರ್ಡ್‌ಪ್ರೆಸ್, ಪ್ಲಗಿನ್‌ಗಳ ನವೀಕರಣ ಮತ್ತು ಬ್ಯಾಕಪ್ ವಾರ್ಷಿಕ ಶುಲ್ಕದ ಮೇಲೆ ನಿಮ್ಮಲ್ಲೇ ಇರಲಿ; ಮೂರು ತಿಂಗಳಿಗೊಮ್ಮೆ ಪುಟಗಳನ್ನು ಕಣ್ಣಾಡಿಸುವುದನ್ನೂ ಅದರಲ್ಲೇ ಬರೆದುಕೊಳ್ಳಿ. ಆದರೆ ತಾಣದ ವಿಳಾಸವಾದ ಡೊಮೇನ್ ಮಾತ್ರ ಮೊದಲ ದಿನದಿಂದಲೇ ಮಾಲೀಕರ ಹೆಸರಿನಲ್ಲಿ, ಅವರದೇ ಇಮೇಲ್‌ಗೆ ನೋಂದಣಿಯಾಗಿರಬೇಕು. ಈಗ ನಿಮ್ಮ ಹೆಸರಿನಲ್ಲಿರುವ ಡೊಮೇನ್‌ಗಳನ್ನು ಅವುಗಳ ನೋಂದಣಿಯ ಮುಂದಿನ ನವೀಕರಣಕ್ಕೆ ಮುಂಚೆ ವರ್ಗಾಯಿಸಿಬಿಡಿ.